ಕರೆಗಂಟೆ ಹಲವು, ರುಜು ಒಂದು

ಶಿವಮೊಗ್ಗೆಯ ಅಡಕೆ ಮಂಡಿಯ ಯಜಮಾನರೊಬ್ಬರನ್ನು ಓದುಗರು ಕಲ್ಪಿಸಿಕೊಳ್ಳಬೇಕು. ಇಂಥವರು ಮಲೆನಾಡಿನ ಪ್ರತಿಯೊಂದು ಪೇಟೆಯಲ್ಲೂ ಒಬ್ಬರಾದರೂ ಇದ್ದೇ ಇರುವರಾದ್ದರಿಂದ ಕಲ್ಪನೆಗೆ ಹೆಚ್ಚಿನ ಶ್ರಮವೇನೂ ಇಲ್ಲ. ವಯಸ್ಸು ಎಪ್ಪತ್ತರ ಸಮೀಪ. ಇಪ್ಪತ್ತು ವರ್ಷಗಳಿಂದ ಅವರಿಗೆ ಒಂದೇ ಮೊಬೈಲ್ ನಂಬರು. ಆ ಹತ್ತು ಅಂಕಿಗಳು ಮಂಡಿಯ ಹಲಗೆಯ ಮೇಲಿವೆ, ಬಿಲ್ಲಿನ ಪುಸ್ತಕದ ಮೇಲಿವೆ, ವರ್ಷವರ್ಷವೂ ಹಂಚುವ ಕ್ಯಾಲೆಂಡರಿನ ಮೇಲಿವೆ. ಮಗಳ ಲಗ್ನಪತ್ರಿಕೆಯಲ್ಲಿಯೂ ಇದ್ದವು. ತೀರ್ಥಹಳ್ಳಿ, ಹೊಸನಗರ, ಸಾಗರಗಳ ಬೆಳೆಗಾರರು ಮಂಡಿಯ ಹೆಸರನ್ನು ಮರೆತಾರು, ನಂಬರನ್ನು ಮರೆಯರು. ಬೆಳಗಾಯಿತೆಂದರೆ ಕರೆ ಬರುತ್ತದೆ: “ಸಾಹುಕಾರ್ರೇ, ರಾಶಿಗೆ ಈ ಹೊತ್ತಿನ ಧಾರಣೆ ಎಷ್ಟು? ಮಾಲು ಕಳಿಸಲೋ, ತಡೆಯಲೋ?”

ಕೊಯ್ಲಿನ ಕಾಲದಲ್ಲಿ ಒಂದು ದಿನ ಯಜಮಾನರು ಬೆಂಗಳೂರಿಗೆ ನೆಂಟರ ಮನೆಯ ಮದುವೆಗೆಂದು ಹೊರಟರು. ಫೋನು ಅವರ ಜೇಬಿನಲ್ಲಿಯೇ ಹೋಯಿತು. ಕಲ್ಯಾಣಮಂಟಪದ ವಾಲಗದ ಸದ್ದಿನಲ್ಲಿ ಅದರ ಗಂಟೆ ಯಾರಿಗೂ ಕೇಳಿಸಲಿಲ್ಲ. ಹೊಸನಗರದ ಕಡೆಯ ಹಳೆಯ ಗಿರಾಕಿಯೊಬ್ಬರು ಲಾರಿಯನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಮೂರು ಬಾರಿ ಕರೆದರು, ಉತ್ತರವಿಲ್ಲ. ನಲವತ್ತು ಚೀಲ ರಾಶಿ ಅಡಕೆ ಬೇರೊಂದು ಮಂಡಿಗೆ ಹೋಯಿತು. ಆ ಹೊತ್ತಿನಲ್ಲಿ ಹಿರಿಯ ಮಗ ಶಿವಮೊಗ್ಗೆಯ ಮಂಡಿಯಲ್ಲಿಯೇ, ತಕ್ಕಡಿಯ ಪಕ್ಕದಲ್ಲಿಯೇ, ಕೆಲಸವಿಲ್ಲದೆ ಕುಳಿತಿದ್ದ.

ಯಜಮಾನರು ಹಿಂದಿರುಗಿದ ಸಂಜೆ ಮಗ ಮಾತು ತೆಗೆದ.

“ಅಪ್ಪಯ್ಯ, ಇನ್ನು ಮೇಲೆ ಹೀಗಾಗಬಾರದು. ನಿಮ್ಮ ನಂಬರು ಮೂರು ಫೋನಿನಲ್ಲಿಯೂ ಬರುವ ಹಾಗೆ ಮಾಡಿಬಿಡೋಣ. ನಿಮ್ಮ ಹತ್ತಿರ ಒಂದು, ಮಂಡಿಯಲ್ಲಿ ನನ್ನ ಹತ್ತಿರ ಒಂದು, ಬೆಂಗಳೂರಿನಲ್ಲಿ ತಮ್ಮನ ಹತ್ತಿರ ಒಂದು. ಯಾರ ಕೈಗೆ ಸಿಕ್ಕಿತೋ ಅವರು ಮಾತನಾಡಿದರಾಯಿತು.”

“ಆಗುವುದಾದರೆ ಒಳ್ಳೆಯದೇ. ಆದರೆ ಆಗುತ್ತದೆಯೇ?” ಎಂದರು ಯಜಮಾನರು.

ಆಗುತ್ತದೆಯೇ ಎಂಬುದು ಒಂದು ಪ್ರಶ್ನೆ. ಆಗಬೇಕೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರವನ್ನು ಯಂತ್ರಶಾಸ್ತ್ರ ಹೇಳೀತು. ಎರಡನೆಯದಕ್ಕೆ ಉತ್ತರವನ್ನು ಮನೆಯವರೇ ಕುಳಿತು ಯೋಚಿಸಬೇಕು. ಒಂದು ಫೋನಿನಲ್ಲಿ ಎರಡು ನಂಬರುಗಳಿರುವುದು ಭಾರತದಲ್ಲಿ ಸರ್ವಸಾಧಾರಣ. ಎರಡು ಫೋನುಗಳಲ್ಲಿ ಒಂದೇ ನಂಬರು ಎಂದೊಡನೆ ಮಾತ್ರ ಇಷ್ಟೊಂದು ತೊಡಕು ಏಕೆ?

ನಂಬರು ಬಂದ ಬಗೆ

ದೂರವಾಣಿಗೆ ಪೇಟೆಂಟು ದೊರೆತದ್ದು 1876ರಲ್ಲಿ. ಆದರೆ ಅದರೊಂದಿಗೆ ನಂಬರು ಹುಟ್ಟಲಿಲ್ಲ. ಮೊದಮೊದಲಿನ ವಿನಿಮಯ ಕೇಂದ್ರಗಳಲ್ಲಿ ಕರೆಯುವವರು ಹೆಸರನ್ನೇ ಹೇಳುತ್ತಿದ್ದರು. ಕೇಂದ್ರದಲ್ಲಿ ಕುಳಿತಿದ್ದವರು ಊರವರನ್ನೆಲ್ಲ ಬಲ್ಲವರಾಗಿದ್ದು ತಂತಿಗಳನ್ನು ಜೋಡಿಸಿಕೊಡುತ್ತಿದ್ದರು. 1879ರ ಸುಮಾರಿಗೆ ಅಮೆರಿಕದ ಲೋವೆಲ್ ಎಂಬ ಊರಿನಲ್ಲಿ ದಡಾರ ಹಬ್ಬಿತು. ಅಲ್ಲಿನ ವೈದ್ಯ ಮೋಸೆಸ್ ಗ್ರೀಲಿ ಪಾರ್ಕರ್ ಎಂಬವರಿಗೆ ಒಂದು ಚಿಂತೆ ಹತ್ತಿತು. ತಂತಿ ಜೋಡಿಸುವವರು ಎಲ್ಲರೂ ಒಮ್ಮೆಗೇ ಮಲಗಿದರೆ, ಹೊಸಬರು ಬಂದು ಯಾರ ತಂತಿ ಯಾವುದೆಂದು ತಿಳಿಯುವುದೆಂತು? ಹೆಸರಿಗೆ ಬದಲಾಗಿ ಚಂದಾದಾರರಿಗೆ ಒಂದೊಂದು ಸಂಖ್ಯೆ ಕೊಟ್ಟರೆ ಯಾರು ಬೇಕಾದರೂ ಜೋಡಿಸಬಲ್ಲರೆಂದು ಅವರು ಸೂಚಿಸಿದರು. ನಂಬರು ಬಂದದ್ದು ಹೀಗೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ನಂಬರೆಂಬುದು ಹುಟ್ಟಿನಿಂದಲೇ ಮನುಷ್ಯನಿಗೆ ಇಟ್ಟ ಇನ್ನೊಂದು ಹೆಸರು. ಅದು ಉಪಕರಣದೊಳಗೆ ಇರುವ ವಸ್ತುವಲ್ಲ, ವಿನಿಮಯ ಕೇಂದ್ರದ ದಾಖಲೆಯಲ್ಲಿರುವ ಒಂದು ಸಾಲು.

ಹೆಸರಾದರೂ ನಂಬರಾದರೂ, ಒಬ್ಬನಿಗೆ ಬಂದ ಕರೆ ಇನ್ನೊಬ್ಬನ ಕೈಗೆ ಸಿಕ್ಕರೆ ಏನಾದೀತೆಂಬ ಭಯವೂ ಅಷ್ಟೇ ಹಳೆಯದು. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ವೃತ್ತಿಯಲ್ಲಿದ್ದ ಆಲ್ಮನ್ ಸ್ಟ್ರೌಜರ್ ಎಂಬವನಿಗೆ, ತನಗೆ ಬರಬೇಕಾದ ಕರೆಗಳನ್ನು ಕೇಂದ್ರದಲ್ಲಿದ್ದವರು ಎದುರಾಳಿ ವೃತ್ತಿಗಾರನಿಗೆ ತಿರುಗಿಸುತ್ತಿದ್ದಾರೆಂಬ ಸಂಶಯ ಹುಟ್ಟಿತಂತೆ. ನಡುವೆ ಮನುಷ್ಯನೇ ಇಲ್ಲದ ಯಂತ್ರವೊಂದನ್ನು ಆತ ಯೋಚಿಸಿದ. 1891ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಸ್ವಯಂಚಾಲಿತ ವಿನಿಮಯ ಕೇಂದ್ರದ ಇತಿಹಾಸ ಅಲ್ಲಿಂದ ತೊಡಗುತ್ತದೆ.

ಒಂದೇ ತಂತಿಯನ್ನು ಹಲವರು ಹಂಚಿಕೊಂಡ ಕಾಲವೂ ಇದ್ದಿತು. ಅಮೆರಿಕದ ಹಳ್ಳಿಗಳಲ್ಲಿ ನಾಲ್ಕಾರು ಮನೆಗಳಿಗೆ ಒಂದೇ ತಂತಿ ಎಳೆದಿರುತ್ತಿದ್ದರು. ಗಂಟೆ ಎಲ್ಲ ಮನೆಗಳಲ್ಲಿಯೂ ಮೊಳಗುತ್ತಿತ್ತು. ಉದ್ದನೆಯದೊಂದು, ಗಿಡ್ಡನೆಯವೆರಡು ಎಂಬಂತೆ ಅದರ ಲಯವನ್ನು ಆಲಿಸಿ, ಕರೆ ತಮಗೋ ನೆರೆಯವರಿಗೋ ಎಂಬುದನ್ನು ತಿಳಿಯಬೇಕಾಗಿತ್ತು. ನೆರೆಯವರ ಮಾತನ್ನು ಕದ್ದು ಕೇಳುವುದು ಆಗಿನ ದೊಡ್ಡ ವಿನೋದ, ದೊಡ್ಡ ಜಗಳ ಕೂಡ. 1959ರಲ್ಲಿ ಬಂದ ‘ಪಿಲ್ಲೋ ಟಾಕ್’ ಎಂಬ ಹಾಲಿವುಡ್ ಚಿತ್ರದ ಕಥೆಯೇ ಇಂಥ ಒಂದು ತಂತಿಯನ್ನು ಹಂಚಿಕೊಂಡ ಗಂಡು ಹೆಣ್ಣಿನ ಜಗಳ.

ಭಾರತದಲ್ಲಿ ಹಂಚಿಕೆಯ ರೀತಿ ಬೇರೆ. ಇಡೀ ಬೀದಿಗೆ ಒಂದು ಫೋನು. ಭೇಟಿಚೀಟಿಗಳ ಮೇಲೆ, ಲಗ್ನಪತ್ರಿಕೆಗಳ ಮೇಲೆ ‘ಫೋನ್ : ಪಿ.ಪಿ.’ ಎಂದು ನೆರೆಯವರ ನಂಬರನ್ನು ಅಚ್ಚು ಹಾಕಿಸುತ್ತಿದ್ದ ದಿನಗಳನ್ನು ಹಿರಿಯ ಓದುಗರು ಮರೆತಿರಲಾರರು. ಶಿವಮೊಗ್ಗೆಯ ಈ ಯಜಮಾನರ ಮಂಡಿಯ ಕಪ್ಪು ಫೋನೂ ಆ ಕಾಲದಲ್ಲಿ ಹತ್ತು ಮನೆಗಳ ಫೋನಾಗಿದ್ದಿತು. “ಸ್ವಲ್ಪ ಎದುರು ಮನೆಯವರನ್ನು ಕರೆಯುತ್ತೀರಾ?” ಎಂಬ ದನಿ ಕೇಳಿದೊಡನೆ ಅವರು ಹುಡುಗನನ್ನು ಓಡಿಸುತ್ತಿದ್ದರು. ಮಳೆಗಾಲದ ಒಂದು ಅಪರಾತ್ರಿ ಸಾವಿನ ಸುದ್ದಿ ಬಂದಾಗ ತಾವೇ ಕೊಡೆ, ಬ್ಯಾಟರಿ ಹಿಡಿದು ಹೋಗಿ ನೆರೆಯವರ ಬಾಗಿಲು ತಟ್ಟಿದ್ದರು. ಸುದ್ದಿಯನ್ನು ತಾವು ಹೇಳಲಿಲ್ಲ. “ನಿಮಗೆ ಫೋನು ಬಂದಿದೆ, ಬನ್ನಿ” ಎಂದಷ್ಟೇ ಹೇಳಿ ಕರೆತಂದು, ಅವರು ಮಾತನಾಡುವವರೆಗೆ ಜಗಲಿಯಲ್ಲಿ ನಿಂತಿದ್ದರು. ಗಂಟೆ ಎಲ್ಲರದು, ಮಾತು ಅವರವರದು ಎಂಬ ಧರ್ಮವನ್ನು ಯಾರೂ ಬರೆದಿಟ್ಟಿರಲಿಲ್ಲ. ಆದರೂ ಅದು ನಡೆಯುತ್ತಿದ್ದಿತು.

ಜೇಬಿನೊಳಗಿನ ಚೀಟಿ

ತಂತಿಯ ಫೋನಿನಲ್ಲಿ ಒಂದೇ ನಂಬರನ್ನು ಎರಡು ಕೋಣೆಗಳಿಗೆ ಕೊಡುವುದು ಸುಲಭವಾಗಿತ್ತು. ನಡುಮನೆಯಿಂದ ಮಹಡಿಗೆ ಒಂದು ತಂತಿ ಎಳೆದು ಇನ್ನೊಂದು ಫೋನು ಸಿಕ್ಕಿಸಿದರೆ ಮುಗಿಯಿತು. ಮೊಬೈಲಿನಲ್ಲಿ ಎಳೆಯಲು ತಂತಿಯೇ ಇಲ್ಲ. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಕೋಲ್ಕತ್ತೆಯಿಂದ ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಂ ಅವರೊಡನೆ ಮಾತನಾಡಿದರು. ಆ ದಿನದಿಂದ ನಂಬರು ಗೋಡೆಯನ್ನು ಬಿಟ್ಟು ಜೇಬಿಗೆ ಬಂದಿತು. ಮನೆಯ ನಂಬರಾಗಿದ್ದದ್ದು ಮನುಷ್ಯನ ನಂಬರಾಯಿತು.

ಆ ಜೇಬಿನಲ್ಲಿರುವುದೇನು? ಜನರು ತಿಳಿದಿರುವಂತೆ ಸಿಮ್ ಎಂಬ ಚಿಕ್ಕ ಚೀಟಿಯೊಳಗೆ ಹತ್ತಂಕಿಯ ನಂಬರು ಕುಳಿತಿರುತ್ತದೆ ಎಂಬುದು ನಿಜವಲ್ಲ. ಅದರಲ್ಲಿ ಮುಖ್ಯವಾಗಿ ಎರಡು ವಸ್ತುಗಳಿವೆ. ಒಂದು, ಜಗತ್ತಿನಲ್ಲಿ ಇನ್ನೊಂದು ಸಿಮ್ಮಿಗೆ ಇಲ್ಲದ, ಹೆಚ್ಚೆಂದರೆ ಹದಿನೈದು ಅಂಕಿಗಳ ಒಂದು ಗುರುತು. ಅದರ ಮೊದಲ ಮೂರು ಅಂಕಿಗಳು ದೇಶವನ್ನು ಸೂಚಿಸುತ್ತವೆ. ಭಾರತದ ಸಿಮ್ಮುಗಳಲ್ಲಿ ಅವು 404 ಅಥವಾ 405 ಎಂದಿರುವುದು ವಾಡಿಕೆ. ಎರಡನೆಯದು ಒಂದು ಗುಪ್ತ ಕೀಲಿ. ಆ ಕೀಲಿ ಸಿಮ್ಮಿಗೂ ಕಂಪನಿಗೂ ಮಾತ್ರ ಗೊತ್ತು; ಅದು ಎಂದೂ ಗಾಳಿಯಲ್ಲಿ ಸಂಚರಿಸುವುದಿಲ್ಲ. ಜಾಲವು ಒಂದು ಯಾದೃಚ್ಛಿಕ ಸಂಖ್ಯೆಯನ್ನು ಕಳುಹಿಸಿ, “ನೀನು ನಿಜವಾಗಿ ನೀನೇ ಆಗಿದ್ದರೆ ಇದಕ್ಕೆ ಉತ್ತರ ಹೇಳು” ಎನ್ನುತ್ತದೆ. ಸಿಮ್ಮು ಆ ಸಂಖ್ಯೆಯನ್ನು ತನ್ನ ಕೀಲಿಯೊಡನೆ ಕೂಡಿಸಿ ಲೆಕ್ಕ ಮಾಡಿ ಉತ್ತರವನ್ನಷ್ಟೇ ಕಳುಹಿಸುತ್ತದೆ. ಕಂಪನಿಯ ಲೆಕ್ಕದೊಡನೆ ಅದು ತಾಳೆಯಾದರೆ ಬಾಗಿಲು ತೆರೆಯುತ್ತದೆ.

ಹತ್ತಂಕಿಯ ನಂಬರಾದರೋ ಕಂಪನಿಯ ದೊಡ್ಡ ದಫ್ತರದಲ್ಲಿದೆ. ಈ ಗುರುತಿನ ಸಿಮ್ಮಿಗೆ ಈ ನಂಬರು, ಅದು ಈಗ ಇರುವುದು ಇಂಥ ಪ್ರದೇಶದಲ್ಲಿ ಎಂದು ಅಲ್ಲಿ ಬರೆದಿರುತ್ತದೆ. ಯಜಮಾನರು ಶಿವಮೊಗ್ಗೆಯಿಂದ ಬೆಂಗಳೂರಿಗೆ ಹೋದರೆ ಆ ಸಾಲಿನಲ್ಲಿ ಹಳೆಯ ಠಾವನ್ನು ಅಳಿಸಿ ಹೊಸದನ್ನು ಬರೆಯಲಾಗುತ್ತದೆ. ಕರೆ ಬಂದಾಗ ಜಾಲವು ಆ ಸಾಲನ್ನು ನೋಡಿ ಅಲ್ಲಿಗೇ ಹೋಗಿ ಗಂಟೆ ಬಾರಿಸುತ್ತದೆ. ವಿಳಾಸ ಬದಲಾಯಿಸಿದವರ ಕಾಗದವನ್ನು ಅಂಚೆಯವನು ಹೊಸ ವಿಳಾಸಕ್ಕೆ ಒಯ್ಯುವಂತೆಯೇ ಇದು. ಆದರೆ ಆ ಸಾಲಿನಲ್ಲಿ ಬರೆಯಲು ಜಾಗವಿರುವುದು ಒಂದೇ ಠಾವಿಗೆ.

ಹಾಗಾದರೆ ಒಂದೇ ಸಿಮ್ಮಿನ ಅಚ್ಚುಕಟ್ಟಾದ ನಕಲನ್ನು ಮಾಡಿ ಇನ್ನೊಂದು ಫೋನಿಗೆ ಹಾಕಿದರೆ ಏನಾದೀತು? 1998ರಲ್ಲಿ ಅಮೆರಿಕದ ಸಂಶೋಧಕರು, ಆಗ ಅನೇಕ ಸಿಮ್ಮುಗಳಲ್ಲಿ ಬಳಕೆಯಲ್ಲಿದ್ದ ಒಂದು ಲೆಕ್ಕದ ಕ್ರಮವನ್ನು ಭೇದಿಸಿ, ಸಿಮ್ಮು ಕೈಗೆ ಸಿಕ್ಕರೆ ಅದರ ಗುಪ್ತ ಕೀಲಿಯನ್ನು ಹೊರತೆಗೆಯಬಹುದೆಂದು ತೋರಿಸಿದರು. ಹಾಗೆ ಮಾಡಿದ ನಕಲು ಸಿಮ್ಮೂ ಜಾಲಕ್ಕೆ ಅಸಲಿನಂತೆಯೇ ಕಾಣುತ್ತಿತ್ತು. ಆದರೂ ಎರಡು ಫೋನುಗಳೂ ಒಟ್ಟಿಗೆ ಗಣಗಣಿಸಲಿಲ್ಲ. ದಫ್ತರದ ಆ ಸಾಲಿನಲ್ಲಿ ಯಾವ ಫೋನು ಕಡೆಯದಾಗಿ ತನ್ನ ಠಾವನ್ನು ಬರೆಯಿಸಿತೋ ಕರೆ ಅದಕ್ಕೇ ಸಲ್ಲುತ್ತಿತ್ತು. ಇನ್ನೊಂದು ತಾನು ಬದುಕಿದ್ದೇನೆಂದು ಭ್ರಮಿಸಿ ಸುಮ್ಮನೆ ಕುಳಿತಿರುತ್ತಿತ್ತು. ಒಂದು ಸಿಂಹಾಸನಕ್ಕೆ ಇಬ್ಬರು ರಾಜರಿದ್ದಂತೆ. ಬಳಿಕ ಬಂದ ಸಿಮ್ಮುಗಳಲ್ಲಿ ಲೆಕ್ಕದ ಕ್ರಮ ಬಲಗೊಂಡಿತು. ನಕಲಿನ ದಾರಿ ಉಪಯೋಗಕ್ಕೂ ಬಾರದು, ಕಾನೂನಿಗೂ ಒಪ್ಪದು.

ಕರೆ ಕವಲೊಡೆದಾಗ

ಕಳ್ಳದಾರಿಯಲ್ಲಿ ಆಗದ್ದು ರಾಜಮಾರ್ಗದಲ್ಲಿ ಆಯಿತು. ಸಿಮ್ಮನ್ನು ನಕಲು ಮಾಡುವ ಬದಲು, ಬೇರೆ ಬೇರೆ ಗುರುತುಗಳ ಎರಡು ಮೂರು ಸಿಮ್ಮುಗಳನ್ನು ಕಂಪನಿಯೇ ಕೊಟ್ಟು, ದಫ್ತರದಲ್ಲಿ ಅವನ್ನೆಲ್ಲ ಒಂದೇ ನಂಬರಿಗೆ ಗಂಟುಹಾಕಿದರೆ ಹೇಗೆ? ಜರ್ಮನಿಯ ಕಂಪನಿಗಳು ಇಂಥ ಸೌಲಭ್ಯವನ್ನು ಬಹಳ ಹಿಂದೆಯೇ ಕೊಡತೊಡಗಿದವು. ಒಂದು ಸಿಮ್ಮು ಜೇಬಿನ ಫೋನಿಗೆ, ಇನ್ನೊಂದು ಕಾರಿನ ಫೋನಿಗೆ. ಕರೆ ಬಂದರೆ ಎಲ್ಲವೂ ಮೊಳಗುತ್ತವೆ. ಒಂದನ್ನು ಎತ್ತಿದೊಡನೆ ಉಳಿದವು ಮೌನ ತಾಳುತ್ತವೆ. ಆದರೆ ಅಲ್ಲಿಯೂ ಒಂದು ಕಟ್ಟಳೆ ಉಂಟು. ಮಾತಿನ ಕರೆ ಎಲ್ಲ ಫೋನುಗಳಿಗೂ ಬಂದರೂ ಎಸ್ಸೆಮ್ಮೆಸ್ ಮಾತ್ರ ಚಂದಾದಾರನು ಗೊತ್ತುಮಾಡಿದ ಒಂದೇ ಫೋನಿಗೆ ಸಲ್ಲುತ್ತದೆ. ಈ ಕಟ್ಟಳೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಕೆಲಸವಿದೆ.

ಮಾತು ಕೂಡ ಅಂತರಜಾಲದ ಹಾದಿಯಲ್ಲಿ ಸಾಗತೊಡಗಿದ ಮೇಲೆ ಕೆಲಸ ಇನ್ನೂ ಸುಗಮವಾಯಿತು. ಹೊಸ ಏರ್ಪಾಟಿನಲ್ಲಿ ಒಂದು ನಂಬರಿನ ಕೆಳಗೆ ಹಲವು ಉಪಕರಣಗಳು ತಮ್ಮ ತಮ್ಮ ಠಾವನ್ನು ಬರೆಯಿಸಬಹುದು. ಕರೆಯು ದಾರಿಯಲ್ಲಿ ಕವಲೊಡೆದು ಎಲ್ಲ ಕಡೆಗೂ ಹರಿಯುತ್ತದೆ. ಅಮೆರಿಕದಲ್ಲಿ ಎಟಿ ಅಂಡ್ ಟಿ ಕಂಪನಿ 2015ರಲ್ಲಿ ‘ನಂಬರ್‌ಸಿಂಕ್’ ಎಂಬ ಹೆಸರಿನಿಂದಲೂ, ಟಿ-ಮೊಬೈಲ್ ಕಂಪನಿ 2017ರಲ್ಲಿ ‘ಡಿಜಿಟ್ಸ್’ ಎಂಬ ಹೆಸರಿನಿಂದಲೂ ಇಂಥ ಸೇವೆಯನ್ನು ಹೊರತಂದವು. ಭಾರತಕ್ಕೆ ಈ ಏರ್ಪಾಟು ಕೈಗಡಿಯಾರದ ವೇಷದಲ್ಲಿ ಬಂದಿತು. 2018ರ ಮೇ ತಿಂಗಳಲ್ಲಿ ಸಿಮ್ಮುಳ್ಳ ಆಪಲ್ ಗಡಿಯಾರವು ಏರ್‌ಟೆಲ್ ಮತ್ತು ಜಿಯೋ ಜಾಲಗಳಲ್ಲಿ ಮಾರಾಟಕ್ಕೆ ಬಂದಾಗ, ಫೋನನ್ನು ಮನೆಯಲ್ಲಿಯೇ ಬಿಟ್ಟು ಹೊರಟವನಿಗೂ ಅವನದೇ ನಂಬರಿನ ಕರೆ ಮಣಿಕಟ್ಟಿನಲ್ಲಿ ಕೇಳಿಸತೊಡಗಿತು. ಗಡಿಯಾರದೊಳಗೆ ಬೇರೆಯದೇ ಆದ ಇ-ಸಿಮ್ಮು ಉಂಟು. ಗುರುತು ಬೇರೆ, ನಂಬರು ಒಂದೇ. ಫೋನೂ ಗಡಿಯಾರವೂ ಒಂದೇ ಕಂಪನಿಯ ಜಾಲದಲ್ಲಿರಬೇಕೆಂಬುದು ನಿಯಮ.

ಇವುಗಳ ಹೊರತಾಗಿ ಬಡವರ ಬಂಧುವಿನಂತಿರುವ ಉಪಾಯಗಳೂ ಕೆಲವುಂಟು. ಮೊದಲನೆಯದು ಕರೆ ವರ್ಗಾವಣೆ. ಯಜಮಾನರು ಎತ್ತದಿದ್ದರೆ, ಅಥವಾ ಅವರ ಫೋನು ಜಾಲಕ್ಕೆ ಸಿಗದಿದ್ದರೆ, ಕರೆ ತಾನಾಗಿ ಮಗನ ನಂಬರಿಗೆ ಹೋಗುವಂತೆ ಮಾಡಿಡಬಹುದು. ಎರಡನೆಯದು ಕಚೇರಿಗಳಲ್ಲಿ ಹಿಂದಿನಿಂದಲೂ ಇರುವ ‘ಹಂಟಿಂಗ್’ ಕ್ರಮ; ಒಂದೇ ನಂಬರಿಗೆ ಬಂದ ಕರೆ ಬಿಡುವಾಗಿರುವ ಫೋನನ್ನು ಹುಡುಕಿಕೊಂಡು ಹೋಗುತ್ತದೆ. ವ್ಯಾಪಾರಿಗಳಿಗೆ ಒಂದು ನಂಬರನ್ನು ಕೊಟ್ಟು, ಅದರ ಕರೆಯನ್ನು ಮೂರು ನಾಲ್ಕು ಮೊಬೈಲುಗಳಿಗೆ ಸರದಿಯಂತೆ ಮುಟ್ಟಿಸುವ ಸೇವೆಗಳೂ ಇವೆ. ಮೂರನೆಯದು ವಾಟ್ಸ್ಯಾಪಿನದು. ಒಂದೇ ಖಾತೆಯನ್ನು ಮುಖ್ಯ ಫೋನಿನ ಜೊತೆಗೆ ಇನ್ನೂ ನಾಲ್ಕು ಉಪಕರಣಗಳಲ್ಲಿ ತೆರೆದಿಡಬಹುದು. ಆ ನಾಲ್ಕರಲ್ಲಿ ಬೇರೆ ಫೋನುಗಳೂ ಇರಬಹುದೆಂಬ ಅನುಕೂಲ 2023ರ ಏಪ್ರಿಲಿನಲ್ಲಿ ಬಂದಿತು. ಅಂಗಡಿಯ ಹುಡುಗ ಆರ್ಡರು ಬರೆದುಕೊಳ್ಳುವುದಕ್ಕೆ ಇದು ಬಲು ಉಪಯುಕ್ತ. ಆದರೆ ಹುಡುಗ ಕೆಲಸ ಬಿಟ್ಟು ಹೋದ ದಿನವೇ ಅವನ ಫೋನನ್ನು ಪಟ್ಟಿಯಿಂದ ತೆಗೆಯಬೇಕು. ತೆಗೆಯದಿದ್ದರೆ ಮಂಡಿಯ ಪತ್ರವ್ಯವಹಾರವೆಲ್ಲ ಎದುರು ಮಂಡಿಯ ಮೇಜಿನ ಮೇಲೆ ತೆರೆದ ಪುಸ್ತಕವಾಗಿ ಕುಳಿತಿದ್ದರೂ ಇರಬಹುದು.

ಆಗುತ್ತದೆಯೇ ಎಂಬ ಪ್ರಶ್ನೆಗೆ ಇಷ್ಟರಿಂದ ಉತ್ತರ ಸಿಕ್ಕಿತು. ಆಗುತ್ತದೆ, ಕೆಲವೆಡೆ ಪೂರ್ಣವಾಗಿ, ಕೆಲವೆಡೆ ಅರೆಯಾಗಿ.

ನಂಬರು ರುಜುವಾದ ಬಗೆ

ಇನ್ನು ಉಳಿದದ್ದು ಆಗಬೇಕೇ ಎಂಬ ಪ್ರಶ್ನೆ. ಪಿ.ಪಿ. ನಂಬರಿನ ಕಾಲದಲ್ಲಿ ನಂಬರಿಗೆ ಒಂದೇ ಕೆಲಸವಿತ್ತು, ಅದು ಕರೆಗಂಟೆ. ಬಾಗಿಲಿನ ಕರೆಗಂಟೆಯ ಸದ್ದು ನಾಲ್ಕು ಜನರಿಗೆ ಕೇಳಿಸಿದರೆ ನಷ್ಟವೇನು? ಯಾರಾದರೂ ಒಬ್ಬರು ಬಾಗಿಲು ತೆರೆದರಾಯಿತು. ಆದರೆ ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಯಾರೂ ಡಂಗುರ ಹೊಡೆಯದೆ ಆ ನಂಬರಿಗೆ ಇನ್ನೊಂದು ಕೆಲಸ ಅಂಟಿಕೊಂಡಿತು. 2009ರ ಆಗಸ್ಟಿನಿಂದ ಅಂತರಜಾಲದಲ್ಲಿ ಕಾರ್ಡಿನಿಂದ ಹಣ ಕೊಡುವಾಗ ಕಾರ್ಡಿನ ಮೇಲೆ ಕಾಣದಿರುವ ಇನ್ನೊಂದು ಸಾಕ್ಷ್ಯ ಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕು ವಿಧಿಸಿತು. ಆ ಸಾಕ್ಷ್ಯವು ಬಹುಮಟ್ಟಿಗೆ ಓಟಿಪಿಯ ರೂಪ ತಾಳಿ ಫೋನಿಗೆ ಬರತೊಡಗಿತು. 2016ರಲ್ಲಿ ಯುಪಿಐ ಬಂದಿತು. ಅದನ್ನು ಹೊಸ ಫೋನಿನಲ್ಲಿ ತೆರೆಯುವಾಗ, ಆ ಫೋನಿನ ಸಿಮ್ಮಿನಿಂದಲೇ ಒಂದು ಎಸ್ಸೆಮ್ಮೆಸ್ ಹೊರಟು, ಖಾತೆಗೆ ಸೇರಿದ ನಂಬರು ಇದೇ ಎಂದು ದೃಢಪಡಿಸುತ್ತದೆ. ಆಧಾರಕ್ಕೂ ಅದೇ ನಂಬರು, ಆಸ್ತಿಯ ತೆರಿಗೆಗೂ ಅದೇ ನಂಬರು. ಬಾಗಿಲಿನ ಕರೆಗಂಟೆಯಾಗಿದ್ದುದು ಹೀಗೆ ಚೆಕ್ಕಿನ ಕೆಳಗಿನ ರುಜುವೂ ಆಯಿತು.

ತೊಡಕಿನ ಬೇರು ಇರುವುದು ಇಲ್ಲಿ. ಗಂಟೆಯನ್ನು ಹಂಚಬಹುದು, ರುಜುವನ್ನು ಹಂಚಿದರೆ ಅದು ರುಜುವಾಗಿ ಉಳಿಯದು. ಹತ್ತು ಅಂಕಿಗಳು ಒಂದೇ ಆಗಿರುವುದರಿಂದ ಒಂದನ್ನು ಕೊಟ್ಟಾಗ ಇನ್ನೊಂದೂ ಅದರ ಹಿಂದೆಯೇ ಹೊರಟುಹೋಗುತ್ತದೆ. ಜರ್ಮನಿಯ ಆ ಕಟ್ಟಳೆಯ ಬೆಲೆ ಈಗ ತಿಳಿಯುತ್ತದೆ. ಕರೆ ಎಲ್ಲರಿಗೆ, ಎಸ್ಸೆಮ್ಮೆಸ್ ಒಬ್ಬರಿಗೆ ಎಂದಾಗ ಗಂಟೆ ಹಲವು ಕಡೆ ಮೊಳಗಿದರೂ ರುಜು ಒಂದೇ ಕೈಯಲ್ಲಿ ಉಳಿಯುತ್ತದೆ.

ಮನೆಯವರು ಅರಿಯದ ಈ ಭೇದವನ್ನು ಮೋಸಗಾರರು ಮೊದಲೇ ಅರಿತಿದ್ದರು. ಕಂಪನಿಯ ನೌಕರರಂತೆ ನಟಿಸಿ, “ನಿಮ್ಮ ಸಂಪರ್ಕದಲ್ಲಿ ದೋಷವಿದೆ, ನಕ್ಷತ್ರ, 401, ಚೌಕ, ಆಮೇಲೆ ಈ ನಂಬರು ಒತ್ತಿರಿ” ಎಂದು ಅಮಾಯಕರಿಗೆ ಹೇಳಿ, ಅವರ ಕರೆಗಳೆಲ್ಲ ತಮ್ಮ ಫೋನಿಗೆ ವರ್ಗವಾಗುವಂತೆ ಮಾಡಿಕೊಂಡರು. ಮಾತಿನ ರೂಪದಲ್ಲಿ ಬರುವ ಓಟಿಪಿಯೂ ಅವರ ಕಿವಿಗೇ ಬಿದ್ದಿತು. ಇದನ್ನು ಕಂಡ ಕೇಂದ್ರ ದೂರಸಂಪರ್ಕ ಇಲಾಖೆ, ಹೀಗೆ ಅಂಕಿ ಒತ್ತಿ ಕರೆ ವರ್ಗಾಯಿಸುವ ಕ್ರಮವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ಕಂಪನಿಗಳಿಗೆ ಆಜ್ಞೆ ಮಾಡಿತು. ವರ್ಗಾವಣೆ ನಿಜವಾಗಿ ಬೇಕಾದವರು ಬೇರೆ ಮಾರ್ಗದಿಂದ ಪಡೆಯಬೇಕಾಯಿತು.

ಇನ್ನೊಂದು ಮೋಸವೂ ಉಂಟು. ಯಾರದೋ ಹೆಸರಿನಲ್ಲಿ “ಸಿಮ್ಮು ಕಳೆದಿದೆ” ಎಂದು ಅರ್ಜಿ ಕೊಟ್ಟು ಅದೇ ನಂಬರಿನ ಹೊಸ ಸಿಮ್ಮನ್ನು ಪಡೆಯುವುದು. ಅಸಲಿ ಚಂದಾದಾರನ ಫೋನು ಇದ್ದಕ್ಕಿದ್ದಂತೆ ಮೂಕವಾಗುತ್ತದೆ; ಅವನು ಜಾಲದ ದೋಷವಿರಬಹುದೆಂದು ಕಾಯುತ್ತ ಕೂರುವ ಹೊತ್ತಿನಲ್ಲಿ ಖಾತೆ ಬರಿದಾಗುತ್ತದೆ. ಇದಕ್ಕೆ ತಡೆಯಾಗಿ, ಸಿಮ್ಮು ಬದಲಾದ ಮೇಲೆ 24 ಗಂಟೆಗಳ ಕಾಲ ಎಸ್ಸೆಮ್ಮೆಸ್ ಹೋಗದಂತೆಯೂ ಬಾರದಂತೆಯೂ ತಡೆಯಬೇಕೆಂದು ಇಲಾಖೆ 2022ರಲ್ಲಿ ಸೂಚಿಸಿತು. ಸಿಮ್ಮು ಬದಲಾದ ಏಳು ದಿನಗಳವರೆಗೆ ನಂಬರನ್ನು ಬೇರೆ ಕಂಪನಿಗೆ ಒಯ್ಯುವಂತಿಲ್ಲ ಎಂಬ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದಿತು. ಈ ನಿಯಮಗಳಲ್ಲಿ ಮೊದಲನೆಯದನ್ನು ಗಮನಿಸಿದರೆ ಸರ್ಕಾರವೂ ಗಂಟೆಯನ್ನೂ ರುಜುವನ್ನೂ ಬೇರ್ಪಡಿಸಿಯೇ ನೋಡುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ. ಹೊಸ ಸಿಮ್ಮಿನಲ್ಲಿ ಮಾತು ತಡವಿಲ್ಲದೆ ನಡೆಯಲಿ. ರುಜು ಒಂದು ದಿನ ಕಾಯಲಿ.

ಆದ್ದರಿಂದ ಒಂದು ನಂಬರನ್ನು ಹಲವು ಫೋನುಗಳಿಗೆ ಕೊಡಬೇಕೆನ್ನುವವರು ಮೊದಲು ಕೇಳಿಕೊಳ್ಳಬೇಕಾದದ್ದು, ಆ ಫೋನುಗಳೆಲ್ಲ ಒಬ್ಬನವೋ, ಹಲವರವೋ ಎಂದು. ಒಬ್ಬನ ಜೇಬಿನದೂ ಮಣಿಕಟ್ಟಿನದೂ ಆದರೆ ಯೋಚನೆಯಿಲ್ಲ. ಅವನ ರುಜು ಅವನ ಕೈಯಲ್ಲಿಯೇ ಇರುತ್ತದೆ. ಹಲವರವಾದರೆ ಎಸ್ಸೆಮ್ಮೆಸ್ ಯಾರ ಫೋನಿಗೆ ಬೀಳುತ್ತದೆ, ಬ್ಯಾಂಕಿನ ಮಾತಿನ ಓಟಿಪಿಯನ್ನು ಯಾರು ಎತ್ತುತ್ತಾರೆ ಎಂಬುದು ಮೊದಲೇ ನಿಶ್ಚಯವಾಗಬೇಕು. ಸಂಪರ್ಕ ಯಾರ ಹೆಸರಿನಲ್ಲಿ ದಾಖಲಾಗಿದೆಯೋ, ನಾಳೆ ಪ್ರಶ್ನೆ ಬಂದಾಗ ಮೊದಲು ಉತ್ತರ ಹೇಳಬೇಕಾದವರೂ ಅವರೇ.

ಮಂಡಿಯಲ್ಲಿ ನಡೆದದ್ದು

ಶಿವಮೊಗ್ಗೆಯ ಮಂಡಿಯಲ್ಲಿ ಈ ಮಾತು ಎರಡು ದಿನ ನಡೆಯಿತು. ಮೂರನೆಯ ದಿನ ಯಜಮಾನರು ತಾವೇ ಹೋಗಿ, ಹೊಸದೊಂದು ನಂಬರನ್ನು ತಂದರು. ಹಲಗೆಯ ಮೇಲೂ ಬಿಲ್ಲಿನ ಮೇಲೂ ಇದ್ದ ಹಳೆಯ ನಂಬರನ್ನು ಹಾಗೆಯೇ ಉಳಿಸಿ, ಅದರ ಕರೆ ತಮಗೆ ಸಿಗದಿದ್ದರೆ ಮಂಡಿಯಲ್ಲಿರುವ ಹಿರಿಯ ಮಗನಿಗೆ ಹೋಗುವಂತೆ ಕಂಪನಿಯವರಿಂದ ಮಾಡಿಸಿದರು. ಅದರ ವಾಟ್ಸ್ಯಾಪನ್ನು ಇಬ್ಬರು ಮಕ್ಕಳ ಫೋನುಗಳಲ್ಲೂ ತೆರೆಯಿಸಿದರು. ಬ್ಯಾಂಕಿಗೆ ಹೋಗಿ, ಖಾತೆಗಳಿಗೆ ಸೇರಿದ್ದ ಹಳೆಯ ನಂಬರನ್ನು ತೆಗೆಯಿಸಿ ಹೊಸದನ್ನು ಬರೆಯಿಸಿದರು. ಆ ಹೊಸ ನಂಬರನ್ನು ಯಾರಿಗೂ ಹೇಳಲಿಲ್ಲ. ಅದರ ಸಿಮ್ಮು ಕೂತದ್ದು ಒಳಜೇಬಿನ ಹಳೆಯ ಗುಂಡಿ ಫೋನಿನಲ್ಲಿ.

ಹಿರಿಯ ಮಗನಿಗೆ ಇದು ಸ್ವಲ್ಪ ನೋವಾಯಿತು. ರಾತ್ರಿ ಊಟವಾದ ಮೇಲೆ ಕೇಳಿಯೇ ಬಿಟ್ಟ:

“ಅಪ್ಪಯ್ಯ, ನಮ್ಮ ಮೇಲೆ ನಿಮಗೆ ನಂಬಿಕೆಯಿಲ್ಲವೇ?”

ಯಜಮಾನರು ಎಲೆಗೆ ಸುಣ್ಣ ಸವರುತ್ತಿದ್ದವರು ಕೈ ನಿಲ್ಲಿಸಿದರು.

“ನಂಬಿಕೆಯಿಲ್ಲದಿದ್ದರೆ ಇಪ್ಪತ್ತು ವರ್ಷದ ನಂಬರನ್ನು ನಿನ್ನ ಕೈಗೆ ಕೊಡುತ್ತಿದ್ದೆನೇ? ನಿನ್ನ ಅಜ್ಜ ನನಗೆ ಮಂಡಿಯ ಬೀಗದ ಕೈ ಕೊಟ್ಟಾಗ ನನಗೆ ಇಪ್ಪತ್ತೆರಡು ವರ್ಷ. ಗಲ್ಲಾಪೆಟ್ಟಿಗೆಯ ಕೈಯನ್ನೂ ಕೊಟ್ಟರು. ಆದರೆ ರುಜು ಹಾಕಿದ ಖಾಲಿ ಚೆಕ್ಕನ್ನು ಒಂದು ದಿನವೂ ಕೊಡಲಿಲ್ಲ. ಬೇಕಾದಾಗ ಕೇಳಿದೆ, ಕೇಳಿದಾಗ ಬರೆದುಕೊಟ್ಟರು. ಅದರಿಂದ ನಮ್ಮಿಬ್ಬರ ನಡುವೆ ಎಂದೂ ಒಂದು ಮಾತು ಬರಲಿಲ್ಲ.”

ಮಗ ಸುಮ್ಮನಾದ. ಯಜಮಾನರು ಎಲೆ ಮಡಿಸಿ ಬಾಯಿಗಿಟ್ಟುಕೊಂಡು, “ನಾನಿಲ್ಲದ ದಿನಕ್ಕೆ ಬೇಕಾದದ್ದನ್ನು ಬ್ಯಾಂಕಿನಲ್ಲಿ ನಿಮ್ಮಿಬ್ಬರ ಹೆಸರಿಗೂ ಬರೆಯಿಸಿಟ್ಟಿದ್ದೇನೆ. ಆ ಚಿಂತೆ ಬೇಡ” ಎಂದರು.

ಮರುದಿನ ಬೆಳಿಗ್ಗೆ ಯಜಮಾನರು ದೇವರ ಮನೆಯಲ್ಲಿದ್ದಾಗ ಹಳೆಯ ನಂಬರಿಗೆ ಕರೆ ಬಂದಿತು. ಅವರ ಫೋನು ಐದಾರು ಸಲ ಮೊಳಗಿ ಸುಮ್ಮನಾಯಿತು. ಮಂಡಿಯಲ್ಲಿ ಮಗನ ಫೋನು ಗಣಗಣಿಸಿತು. ಹೊಸನಗರದ ಅದೇ ಹಳೆಯ ಗಿರಾಕಿ.

“ಸಾಹುಕಾರ್ರೇ?” ಎಂದಿತು ಆ ಕಡೆಯ ದನಿ.

“ಅವರ ಮಗ ಮಾತನಾಡುವುದು. ಹೇಳಿ ಯಜಮಾನರೇ, ಲಾರಿ ಕಳಿಸುತ್ತೀರಾ?” ಎಂದ ಹಿರಿಯ ಮಗ.